ಕೇಪ್‌ಟೌನಿಗೆ ಒಬ್ಬನೇ

ಅಸಾಜಿಲೆ ಮೇಷ್ಟ್ರು ದರ್ಜಿ ಅಂಗೋಲಿಲೆಗೆ ಹೇಳಿದ್ದು ಬಹಳ ಸಣ್ಣ ಕೆಲಸ. ಮಳೆ ಕೋಟಿನ ಬೆನ್ನಿಗೆ, ಬೆಳಕು ಬಿದ್ದರೆ ಮಿನುಗುವ ಪಟ್ಟಿಯೊಂದನ್ನು ಹೊಲಿದು ಕೊಡಬೇಕು, ಅಷ್ಟೇ. ಅಂಗೋಲಿಲೆ ಸೂಜಿಗೆ ದಾರ ಪೋಣಿಸುತ್ತ, "ಯಾಕೆ ಮೇಷ್ಟ್ರೇ, ದೂರ ಎಲ್ಲಿಗಾದ್ರೂ ಹೊರಟಿದೀರಾ?" ಎಂದು ಮಾತಿಗೆ ಕೇಳಿದ. ಹೆಂಡತಿಯೊಬ್ಬಳನ್ನು ಬಿಟ್ಟು ಬೇರೆ ಯಾರಿಗೂ ಹೇಳದೆ ಎರಡು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಗುಟ್ಟನ್ನು ಮೇಷ್ಟ್ರು, ಅದೇನು ಗ್ರಹಚಾರವೋ, ಅವನೆದುರು ಕಕ್ಕಿಬಿಟ್ಟರು.

"ಕೇಪ್‌ಟೌನಿಗೆ. ಬೈಕಲ್ಲಿ. ಒಬ್ಬನೇ. ಯಾರಿಗೂ ಹೇಳ್ಬೇಡ."

ಅಂಗೋಲಿಲೆ ಮಾತಿಗೆ ತಪ್ಪುವ ಮನುಷ್ಯನಲ್ಲ. ಯಾರಿಗೂ ಹೇಳಲಿಲ್ಲ. ಪಟ್ಟಿಯ ಮೇಲೆ, ಬೆನ್ನಿನ ತುಂಬ, ಹಳದಿ ದಾರದಲ್ಲಿ, ಅಂಗೈ ಅಗಲದ ಅಕ್ಷರಗಳಲ್ಲಿ 'ಟುಕುಯು – ಕೇಪ್‌ಟೌನ್. ಒಬ್ಬನೇ' ಎಂದು ಪ್ರೀತಿಯಿಂದ ಕಸೂತಿ ಹಾಕಿದ. ಆಮೇಲೆ ಕೋಟನ್ನು ಎರಡು ದಿನ ಅಂಗಡಿಯ ಮುಂದೆ ತೂಗುಹಾಕಿದ. ಅವನ ಅಂಗಡಿ ಇರುವುದು ಟುಕುಯು ಮಾರುಕಟ್ಟೆಯ ಬಾಗಿಲಲ್ಲೇ.

ಮೇಷ್ಟ್ರು ನಮ್ಮ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಭೂಗೋಳ ಕಲಿಸಿದವರು. ಆಫ್ರಿಕಾದ ನಕ್ಷೆಯ ಮೇಲೆ ಅವರ ಬೆತ್ತ ಓಡಾಡಿದಷ್ಟು ಗಾಳಿಯೂ ಓಡಾಡಿರಲಿಕ್ಕಿಲ್ಲ. ಆದರೆ ಸ್ವಂತ ಕಾಲಲ್ಲಿ ಅವರು ಕಂಡ ದೂರದೇಶವೆಂದರೆ ವರ್ಷಕ್ಕೊಮ್ಮೆ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಹೋಗುವ ನಮ್ಮದೇ ರಾಜಧಾನಿ ಡೊಡೋಮ ಒಂದೇ. ಮನೆಯಲ್ಲಿ ಹನ್ನೊಂದು ಜನ. ಹುಟ್ಟಿದಾರಭ್ಯ ಒಂದು ಲೋಟ ಚಹಾವನ್ನು ಅವರು ಒಬ್ಬರೇ ಕೂತು ಕುಡಿದದ್ದಿಲ್ಲ. ಕಕ್ಕಸಿಗೆ ಹೋದರೂ ಹೊರಗಿನಿಂದ ಯಾರೋ ಲೆಕ್ಕದ ಡೌಟು ಕೇಳುತ್ತಿದ್ದರು. ಹಾಗಾಗಿ, ಎರಡು ತಿಂಗಳ ರಜೆ ಮಂಜೂರಾದಾಗ ಮೇಷ್ಟ್ರಿಗೆ ಕೇಪ್‌ಟೌನಿನ ಸಮುದ್ರಕ್ಕಿಂತ ಹೆಚ್ಚಾಗಿ ಕಂಡದ್ದು ನಾಲ್ಕೂವರೆ ಸಾವಿರ ಕಿಲೋಮೀಟರ್ ಉದ್ದಕ್ಕೂ ಯಾರೂ ಮಾತಾಡಿಸದ ಸುಖ.

ಹೊರಡುವ ದಿನ ಯಾರೂ ಏಳುವ ಮೊದಲು ಬೆಳಗಿನ ಐದು ಗಂಟೆಗೆಲ್ಲ ಜಾಗ ಖಾಲಿ ಮಾಡಬೇಕೆಂದು ಅವರು ಬಾಗಿಲು ತೆಗೆದರು. ಅಂಗಳದಲ್ಲಿ ನಲವತ್ತು ಜನ ನಿಂತಿದ್ದರು.

"ಬಂದ್ರು, ಬಂದ್ರು!" ಎಂದು ಯಾರೋ ಕೂಗಿದರು. ಕೂಗಿದ್ದೇ ತಡ ಚರ್ಚಿನ ಹಾಡುಗಾರರು ಶುರು ಹಚ್ಚಿಕೊಂಡರು.

ಹಾಡು ಮುಗಿಯುತ್ತಲೇ ಪಾದ್ರಿಗಳು ಪ್ರಾರ್ಥನೆಗೆ ಕಣ್ಣು ಮುಚ್ಚಿದರು. ಒಂದೊಂದೇ ದೇಶವನ್ನು ಹೆಸರು ಹಿಡಿದು ಕರೆದು, ಅಲ್ಲಲ್ಲಿನ ಅಪಾಯಗಳನ್ನು ದೇವರಿಗೆ ವಿವರವಾಗಿ ತಿಳಿಸಿದರು. "ಪ್ರಭುವೇ, ಬೋಟ್ಸ್‌ವಾನಾದ ಆನೆಗಳ ಕಣ್ಣಿಗೆ ನಮ್ಮ ಮೇಷ್ಟ್ರು ಬೀಳದೇ ಇರಲಿ. ಬಿದ್ದರೂ ಆನೆಗಳಿಗೆ ಹೊಟ್ಟೆ ತುಂಬಿರಲಿ." ಆನೆ ಮನುಷ್ಯರನ್ನು ತಿನ್ನುವುದಿಲ್ಲವೆಂದು ಹೇಳಲು ಭೂಗೋಳದ ಮೇಷ್ಟ್ರ ನಾಲಿಗೆ ತುರಿಸಿತು. ಆದರೆ ದೇವರು ಮತ್ತು ಪಾದ್ರಿಗಳ ನಡುವೆ ಬಾಯಿ ಹಾಕುವುದು ಹೇಗೆ?

ಆಮೇಲೆ ಗಂಟುಗಳು ಬಂದವು. ಲುಸಾಕಾದ ತಮ್ಮನಿಗೆ ಬಾಳೆಕಾಯಿ. ಲಿಲೋಂಗ್ವೆಯ ಸೊಸೆಗೆ ಜೇನುತುಪ್ಪ. "ಕೇಪ್‌ಟೌನಲ್ಲಿ ನಮ್ಮೂರೋರು ಯಾರಾದ್ರೂ ಸಿಕ್ಕೇ ಸಿಗ್ತಾರೆ, ಅವರಿಗೆ ಕೊಡಿ" ಎಂದು ಒಂದು ಜೀವಂತ ಕೋಳಿ. ಬೈಕು ಮೊಟ್ಟೆಗೆ ಕೂತ ಹೇಂಟೆಯ ಹಾಗೆ ನಾಲ್ಕೂ ಕಡೆ ಊದಿಕೊಂಡಿತು. ಮೇಷ್ಟ್ರ ಹೆಂಡತಿ ಸುಬಿಲಾಗ ಬಾಗಿಲಿಗೆ ಒರಗಿ ಚಹಾ ಹೀರುತ್ತ ಇದನ್ನೆಲ್ಲ ನೋಡುತ್ತಿದ್ದಳು. ಬೆಣ್ಣೆಹಣ್ಣಿನ ವ್ಯಾಪಾರ ಮಾಡುವ ಹೆಂಗಸು, ಮಾತು ಕಡಿಮೆ. "ಬಿಸಿಲಲ್ಲಿ ಟೊಪ್ಪಿ ತೆಗೀಬೇಡಿ" ಎಂದಳು. ಅಷ್ಟೇ.

ಮೇಷ್ಟ್ರು ಕಣ್ಣೊರೆಸಿಕೊಂಡು ಗಾಡಿ ಸ್ಟಾರ್ಟ್ ಮಾಡುವುದಕ್ಕೂ ಹಿಂದಿನ ಸೀಟು ಧೊಪ್ಪೆಂದು ತಗ್ಗುವುದಕ್ಕೂ ಸರಿಹೋಯಿತು. ತಿರುಗಿ ನೋಡಿದರೆ ಸೋದರತ್ತೆ ತುಂಪೆ. ವಯಸ್ಸು ಎಪ್ಪತ್ತೆಂಟು, ತೂಕವೂ ಹೆಚ್ಚುಕಡಿಮೆ ಅಷ್ಟೇ. ಎರಡು ಗಂಟುಗಳ ನಡುವೆ ರಾಣಿಯ ಹಾಗೆ ಕೂತಿದ್ದಳು.

"ಅತ್ತೆ, ನಾನು ಕೇಪ್‌ಟೌನಿಗೆ ಹೋಗ್ತಿದೀನಿ."

"ಗೊತ್ತು ಕಣೋ. ಉಶಿರಿಕ ದಾರೀಲೇ ತಾನೇ ಸಿಗೋದು? ಅಲ್ಲಿ ನಮ್ಮೋರದೊಂದು ಸಾವು. ನನ್ನ ಇಳಿಸಿ ಯಾವ ಟೌನಿಗಾದ್ರೂ ಹೋಗು."

"ಹಾಗಲ್ಲ ಅತ್ತೆ, ನಾನು ಒಬ್ಬನೇ ಹೋಗ್ಬೇಕು ಅಂತ..."

"ಮುಂದೆ ನೀನು ಒಬ್ಬನೇ ತಾನೇ ಕೂತಿರೋದು? ನಡಿ."

ಉಶಿರಿಕದಲ್ಲಿ ಅತ್ತೆಯನ್ನು ಇಳಿಸಿ ಹೊರಟುಬಿಡುವುದು ಎಂದು ಮೇಷ್ಟ್ರು ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಲೆಕ್ಕ ಹಾಕಿದ್ದರು. ಆದರೆ ಸಾವಿನ ಮನೆಯ ಮುಂದೆ ಬೈಕ್ ನಿಲ್ಲಿಸಿ, ತಲೆ ತಗ್ಗಿಸದೆ ತಿರುಗಿ ಹೋಗುವವನು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು, ಐದೇ ನಿಮಿಷ ಎಂದು ಬೆಂಚಿನ ತುದಿಯಲ್ಲಿ ಕೂತರು. ಆರನೆಯ ನಿಮಿಷಕ್ಕೆ ಯಾರೋ ಹಿರಿಯರು ಎದ್ದು, "ಟುಕುಯುವಿನಿಂದ ದೊಡ್ಡ ಮೇಷ್ಟ್ರು ಬಂದಿದಾರೆ, ತೀರಿಕೊಂಡೋರ ಬಗ್ಗೆ ನಾಲ್ಕು ಮಾತಾಡ್ತಾರೆ" ಎಂದುಬಿಟ್ಟರು.

ತೀರಿಕೊಂಡವರು ಯಾರು, ಗಂಡೋ ಹೆಣ್ಣೋ ಅದೇ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಅತ್ತೆಯ ಕಡೆ ನೋಡಿದರೆ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುವುದರಲ್ಲಿದ್ದಳು. ಮೇಷ್ಟ್ರು ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು.

"ಅವರು ದೊಡ್ಡ ಪ್ರಯಾಣ ಹೊರಟರು," ಎಂದರು. ಇಷ್ಟು ಹೇಳಿದರೆ ಯಾರಿಗೂ ತೊಂದರೆಯಿಲ್ಲ. "ಎಲ್ಲರಿಗೂ ಹೇಳಿ ಹೊರಡಲಿಲ್ಲ. ಸದ್ದಿಲ್ಲದೆ, ಒಬ್ಬರೇ ಹೊರಟರು." ಇಲ್ಲಿಗೆ ಬಂದಾಗ ಮೇಷ್ಟ್ರ ಎದೆಯೊಳಗೆ ಏನೋ ಕಟ್ಟೆಯೊಡೆಯಿತು. "ಎಂಥ ಪುಣ್ಯ ನೋಡಿ! ಅವರ ಹಿಂದೆ ಯಾರೂ ಹತ್ತಿ ಕೂರಲಿಲ್ಲ. ಲುಸಾಕಾಕ್ಕೆ ಬಾಳೆಕಾಯಿ ಕೊಡಿ ಅಂತ ಯಾರೂ ಅವರ ಕೈಗೆ ಗಂಟು ತುರುಕಲಿಲ್ಲ. ಈಗ ಅವರು ಹೋಗುತ್ತಿರುವ ದಾರಿಯಲ್ಲಿ ಯಾರೂ ಅವರನ್ನು ಮಾತಾಡಿಸುವವರಿಲ್ಲ. ಎಷ್ಟು ಶಾಂತಿ... ಎಷ್ಟು ಶಾಂತಿ..." ಮೇಷ್ಟ್ರ ಕಣ್ಣಿಂದ ನಿಜವಾದ ನೀರು ಧಾರಾಕಾರ ಇಳಿಯಿತು. ಇಡೀ ಸಭೆ ಬಿಕ್ಕಿತು.

ಒಬ್ಬ ಮುದುಕರು ಬಂದು ಅವರ ಎರಡೂ ಕೈ ಹಿಡಿದುಕೊಂಡರು. "ನಾನು ನೂರಾರು ಸಾವು ನೋಡಿದೀನಿ ಮೇಷ್ಟ್ರೇ. ಸತ್ತೋರ ಬಗ್ಗೆ ಇಷ್ಟೊಂದು ಹೊಟ್ಟೆಕಿಚ್ಚಿಂದ ಮಾತಾಡಿದ್ದು ಇದೇ ಮೊದಲು ಕೇಳಿದ್ದು."

ಇಷ್ಟು ಚೆನ್ನಾಗಿ ಮಾತಾಡಿದವರನ್ನು ಉಪವಾಸ ಕಳಿಸುವುದುಂಟೆ? ಮಣ್ಣು ಮುಗಿದು, ಬಾಳೆಕಾಯಿ ಮಾಂಸ ಬೆಂದು, ಊಟವಾಗಿ ಮೇಲೇಳುವ ಹೊತ್ತಿಗೆ ಎರಡು ಗಂಟೆ. ಮೇಷ್ಟ್ರು ಬೈಕಿನ ಹತ್ತಿರ ಬಂದರೆ ಅತ್ತೆ ಆಗಲೇ ಸೀಟಿನ ಮೇಲಿದ್ದಳು.

"ಅತ್ತೆ, ಉಶಿರಿಕ ಅಂತ ಹೇಳಿದ್ರಿ."

"ಇಲ್ಲೀವರೆಗೂ ಬಂದು ಕ್ಯೇಲಾದಲ್ಲಿರೋ ಮಗಳ ಮುಖ ನೋಡ್ದೆ ಹೋದ್ರೆ ದೇವರು ಮೆಚ್ತಾನೇನೋ? ನಿನ್ನ ಕೇಪ್‌ಟೌನ್ ಎಲ್ಲೂ ಓಡಿಹೋಗಲ್ಲ."

ಘಟ್ಟ ಇಳಿದಂತೆ ಚಳಿ ಹೋಯಿತು, ಕೆಳಗಿನ ಭತ್ತದ ಬಯಲಿನ ಸೆಖೆ ಒಲೆಯ ಬಾಯಿಯ ಹಾಗೆ ಮುಖಕ್ಕೆ ಹೊಡೆಯಿತು. ಮಳೆ ಕೋಟಿನೊಳಗೆ ಮೇಷ್ಟ್ರು ಎಲೆಯಲ್ಲಿ ಸುತ್ತಿದ ಕಡುಬಿನಂತೆ ಬೇಯತೊಡಗಿದರು. ಕೋಟು ಬಿಚ್ಚೋಣವೆಂದು ಕ್ಯೇಲಾದ ತಿರುವಿನಲ್ಲಿ ನಿಲ್ಲಿಸಿದ್ದೇ ತಪ್ಪಾಯಿತು. ಅದು ಬಾಡಿಗೆ ಬೈಕಿನವರ ನಿಲ್ದಾಣ. ಇಪ್ಪತ್ತು ಇಪ್ಪತ್ತೈದು ಹುಡುಗರು ಗಂಟೆಗಟ್ಟಲೆ ಗಿರಾಕಿಯಿಲ್ಲದೆ ನೊಣ ಹೊಡೆಯುತ್ತಿದ್ದವರು, ಮುದುಕಿಯೊಬ್ಬಳನ್ನು ಕೂರಿಸಿಕೊಂಡು ಬಂದ ಹೊರಗಿನ ಬೈಕ್ ನೋಡಿ ದಬದಬನೆ ಸುತ್ತುವರಿದರು. ಅವರ ಯಜಮಾನ ಇಪ್ಯಾನ ಎಂಬವನು ಕೈ ಹಾಕಿ ಬೀಗದಕೈ ಕಿತ್ತುಕೊಂಡ.

"ಯಾವ ಸ್ಟ್ಯಾಂಡಿನೋನಯ್ಯಾ ನೀನು? ನಮ್ಮ ಜಾಗದಲ್ಲಿ ಬಂದು ಗಿರಾಕಿ ಹೊಡೀತೀಯಾ?"

"ನಾನು... ನಾನು ಕೇಪ್‌ಟೌನ್..."

"ಕೇಪ್‌ಟೌನ್ ಸ್ಟ್ಯಾಂಡಂತೆ ಕಣ್ರೋ!"

ಹೋ ಎಂದು ನಗು ಎದ್ದಿತು. ಇನ್ನೊಬ್ಬ ಹಿಂದೆ ಹೋಗಿ ಕೋಟಿನ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿದ. "ಒಬ್ಬನೇ ಅಂತೆ! ಬೆನ್ನ ಮೇಲೆ ಒಬ್ಬನೇ ಅಂತ ಬರ್ಕೊಂಡು ಬೆನ್ನ ಹಿಂದೆ ಅಜ್ಜೀನ ಕೂರಿಸ್ಕೊಂಡವ್ನೆ. ಅಜ್ಜಿ, ಎಷ್ಟಕ್ಕೆ ಒಪ್ಪಿದ್ದು ಬಾಡಿಗೆ?"

ತುಂಪೆ ಅತ್ತೆ ನಿಧಾನವಾಗಿ ಇಳಿದಳು. ಇಪ್ಯಾನನ ಗದ್ದ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿ ನೋಡಿದಳು.

"ನೀನು ಮಸೋಕೊದ ಬುಪೆಯ ಮಗ ಅಲ್ವೇನೋ?"

"ಹೌದು. ಏನೀಗ?"

"ಏನೀಗಾನಾ? ನಿಮ್ಮಮ್ಮನ ಹೆರಿಗೆ ಮಾಡ್ಸಿದ್ದು ಈ ಕೈ. ಕಾಲು ಮುಂದೆ ಮಾಡ್ಕೊಂಡು ಒಂದು ಹಗಲು ಒಂದು ರಾತ್ರಿ ಸತಾಯಿಸಿದೋನು ನೀನೇ ತಾನೇ? ಅವತ್ತೂ ದಾರೀಗೆ ಅಡ್ಡ, ಇವತ್ತೂ ದಾರೀಗೆ ಅಡ್ಡ. ಕೊಡೋ ಬೀಗದಕೈ!"

ಇಪ್ಯಾನ ಬೀಗದಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಮಂಡಿ ಬಗ್ಗಿಸಿ ಒಪ್ಪಿಸಿದ. ಅಲ್ಲಿಗೆ ಮುಗಿದಿದ್ದರೆ ಮೇಷ್ಟ್ರು ಬಚಾವಾಗುತ್ತಿದ್ದರು. ಆದರೆ ತನ್ನನ್ನು ಭೂಮಿಗೆ ತಂದ ಕೈಗೆ ಅವಮಾನ ಮಾಡಿದೆನೆಂಬ ಪಶ್ಚಾತ್ತಾಪ ಅವನನ್ನು ಕೊರೆಯುತ್ತಿತ್ತು.

"ಅಜ್ಜಿಯ ಅಳಿಯ ಅಂದ್ರೆ ನಮಗೂ ಮಾವ. ಮಾವ ಗಡೀವರೆಗೂ ಒಬ್ಬರೇ ಹೋಗೋದಾ? ನಾವೇನು ಸತ್ತಿದೀವಾ? ಹೊರಡ್ರೋ!"

"ಬೇಡಪ್ಪಾ, ದಯವಿಟ್ಟು ಬೇಡ," ಎಂದು ಮೇಷ್ಟ್ರು ಅಂಗಲಾಚಿದರು. ಅಷ್ಟರಲ್ಲಿ ಇಪ್ಪತ್ತಮೂರು ಬೈಕುಗಳು ಒಟ್ಟಿಗೆ ಗುಡುಗಿದವು. ಅತ್ತೆ ಮಗಳ ಮುಖ ನೋಡುವುದನ್ನು ಮರೆತು ಇಪ್ಯಾನನ ಹಿಂದೆ ಹತ್ತಿ ಮೆರವಣಿಗೆಯ ಮುಂದಾಳಾದಳು. ಹಾರನ್ ಹೊಡೆಯುತ್ತ, ಸಿಳ್ಳೆ ಹಾಕುತ್ತ, ಹಾದಿಯ ನಾಯಿಗಳನ್ನೆಲ್ಲ ಎಬ್ಬಿಸುತ್ತ, ನಮ್ಮ ಜಿಲ್ಲೆಯ ಮೊದಲ ಒಂಟಿ ಸವಾರ ಸಂಜೆ ಐದಕ್ಕೆ ಗಡಿ ತಲುಪಿದರು.

ಗಡಿಯ ಕಚೇರಿಯಿಂದ ಸೆಕೆಲಾ ಎಂಬ ಯುವ ಅಧಿಕಾರಿಣಿ ಈ ಗಲಾಟೆ ಕೇಳಿ ಹೊರಗೆ ಬಂದಳು. ಪರವಾನಗಿ ಇಲ್ಲದೆ ಬಾಳೆಕಾಯಿ, ಜೇನು, ಕೋಳಿ ಯಾವುದೂ ಆಚೆಗೆ ಹೋಗುವಂತಿಲ್ಲ ಎಂದಳು. ಮೇಷ್ಟ್ರಿಗೆ ಅವಳ ಕಾಲಿಗೆ ಬೀಳಬೇಕೆನ್ನಿಸಿತು. ಗಂಟುಗಳು ಕ್ಷಣಮಾತ್ರದಲ್ಲಿ ಇಪ್ಯಾನನ ಪಡೆಯ ಪಾಲಾದವು. ಪಾಸ್‌ಪೋರ್ಟ್ ಸರಿಯಿತ್ತು. ಅವಳು ಗಾಡಿಯ ಕಾಗದ ನೋಡಿದಳು. ಗಾಡಿಯನ್ನು ಒಂದು ಸುತ್ತು ಬಂದಳು. ಮೇಷ್ಟ್ರ ಮುಖ ನೋಡಿದಳು. ಅವಳ ಹುಬ್ಬು ಗಂಟಿಕ್ಕಿತು.

"ಈ ಗಾಡಿ ಯಾರದು?"

"ನನ್ನದೇ ತಾಯಿ."

"ಕಾಗದ ಸುಬಿಲಾಗ ಅನ್ನೋರ ಹೆಸರಲ್ಲಿದೆ."

"ಅವಳು ನನ್ನ ಹೆಂಡ್ತಿ. ಗಾಡಿ ತಗೊಂಡ ದಿನ ನನಗೆ ಪರೀಕ್ಷೆ ಡ್ಯೂಟಿ ಇತ್ತು, ಅವಳೇ ಹೋಗಿ ಸಹಿ ಹಾಕಿದ್ಳು."

"ಕದ್ದೋರೆಲ್ಲ ಹೀಗೇ ಹೇಳೋದು," ಎಂದಳು ಸೆಕೆಲಾ. ಅವಳ ದನಿ ಈಗ ಗಡುಸಾಗಿತ್ತು. "ನಿಜ ಹೇಳಿ. ಸುಬಿಲಾಗಕ್ಕ ಎಲ್ಲಿ? ಅವರಿಗೇನು ಮಾಡಿದ್ರಿ? ಈ ಗಾಡೀನ ನಾನು ಕತ್ತಲಲ್ಲೂ ಗುರುತು ಹಿಡೀತೀನಿ. ಪ್ರತಿ ಗುರುವಾರ ಅಕ್ಕ ಬೆಣ್ಣೆಹಣ್ಣು ತುಂಬ್ಕೊಂಡು ಇದೇ ಗೇಟಿಂದ ಮಲಾವಿಗೆ ದಾಟ್ತಾರೆ."

"ಅವಳು ಮಾರೋದು ಕ್ಯೇಲಾ ಸಂತೇಲಿ."

"ಅಲ್ಲ, ಮಲಾವಿಯ ಕರೋಂಗಾದಲ್ಲಿ. ಹೋದ ಡಿಸೆಂಬರಲ್ಲಿ ಇದೇ ಗಾಡೀಲಿ ಜಾಂಬಿಯಾಕ್ಕೆ ಹೋಗ್ಲಿಲ್ವಾ? ಕಾಗದ ಮಾಡ್ಕೊಟ್ಟಿದ್ದು ನಾನೇ. ಲಿವಿಂಗ್‌ಸ್ಟನ್ ಊರಿನ ಜಲಪಾತ ನೋಡ್ಕೊಂಡು ಮೂರು ವಾರಕ್ಕೆ ವಾಪಸ್ ಬಂದ್ರು. ಒಬ್ಬರೇ."

ಹೋದ ಡಿಸೆಂಬರಿನಲ್ಲಿ ತಾವು ಡೊಡೋಮದಲ್ಲಿ ಕೂತು, 'ಜಲಪಾತ ಉಂಟಾಗುವ ಬಗೆಯನ್ನು ವಿವರಿಸಿ' ಎಂಬ ಪ್ರಶ್ನೆಗೆ ಬಂದ ಉತ್ತರಗಳನ್ನು ತಿದ್ದುತ್ತಿದ್ದುದು ಮೇಷ್ಟ್ರಿಗೆ ನೆನಪಾಯಿತು. ಮೆಲ್ಲಗೆ ಅತ್ತೆಯ ಕಡೆ ತಿರುಗಿದರು.

"ಅತ್ತೆ, ನಿಮಗೆ ಗೊತ್ತಿತ್ತಾ?"

"ಆ ಮೂರು ವಾರ ನಿನ್ನ ಮಕ್ಕಳಿಗೆಲ್ಲ ಗಂಜಿ ಬೇಯಿಸಿ ಹಾಕಿದ್ದು ಯಾರು ಅಂದ್ಕೊಂಡೆ?" ಎಂದಳು ಅತ್ತೆ, ಆಕಾಶ ನೋಡುತ್ತ.

ಸೆಕೆಲಾ ಫೋನ್ ಹಚ್ಚಿ ಮೇಜಿನ ಮೇಲಿಟ್ಟಳು. ಸುಬಿಲಾಗಳ ದನಿ ಎಲ್ಲರಿಗೂ ಕೇಳುವಂತೆ ಬಂತು. "ಗಡಿ ಮುಟ್ಟಿದ್ರಾ? ಇಷ್ಟು ಹೊತ್ತಾಯ್ತಾ! ನಾನಾದ್ರೆ ಎರಡು ಗಂಟೇಲಿ ಮುಟ್ತೀನಿ."

"ಸುಬೀ," ಎಂದರು ಮೇಷ್ಟ್ರು. "ನೀನು ಜಾಂಬಿಯಾಕ್ಕೆ ಹೋಗಿದ್ಯಂತೆ."

"ಹ್ಞೂಂ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತಾನೇ ಇದ್ದೆ ರೀ. ನೀವು ಡೊಡೋಮದಿಂದ ಬಂದೋರು ಊಟಕ್ಕೆ ಕೂತು ಮಕ್ಕಳಿಗೆ ಜಾಂಬೇಜಿ ನದಿ ವಿಷಯ ತೆಗೆದ್ರಿ. ಅದು ಹೆಂಗೆ ಬಂಡೆ ಮೇಲಿಂದ ಬೀಳತ್ತೆ, ಹೆಂಗೆ ಹೊಗೆ ಏಳತ್ತೆ ಅಂತ ಕೈಯೆಲ್ಲ ಆಡಿಸ್ಕೊಂಡು ಹೇಳ್ತಿದ್ರಿ. ಸಾರು ಆರಿಹೋದ್ರೂ ಗೊತ್ತಾಗ್ಲಿಲ್ಲ ನಿಮಗೆ. ನಾನು ನೋಡ್ಕೊಂಡು ಬಂದೆ ಅಂದಿದ್ರೆ ಅರ್ಧಕ್ಕೇ ನಿಲ್ಲಿಸ್ಬಿಡ್ತಿದ್ರಿ. ಮನಸ್ಸು ಬರ್ಲಿಲ್ಲ."

ಮೇಷ್ಟ್ರು ಹೆಲ್ಮೆಟ್ಟಿನ ಪಟ್ಟಿಯನ್ನು ಉಗುರಿನಿಂದ ಕೆರೆಯುತ್ತ ನಿಂತರು. ಸಿಟ್ಟು ಬರುತ್ತದೇನೋ ಎಂದು ಕಾದರು. ಬರಲಿಲ್ಲ. ಇಪ್ಪತ್ತೆಂಟು ವರ್ಷ ಕಲಿಸಿದವರಿಗೆ ಈಗ ಒಂದೇ ಒಂದು ಪ್ರಶ್ನೆ ಕೇಳಬೇಕಾಗಿತ್ತು.

"ಹೇಗಿತ್ತು?"

"ನೀವು ಹೇಳಿದ ಹಾಗೇ ಇತ್ತು," ಎಂದಳು ಸುಬಿಲಾಗ. "ಸದ್ದು ಮಾತ್ರ ಇನ್ನೂ ಜಾಸ್ತಿ."

ಇಪ್ಯಾನ ದೊಡ್ಡದಾಗಿ ಮೂಗು ಸೀಟಿಕೊಂಡ.

ಹತ್ತು ನಿಮಿಷದಲ್ಲಿ ಫೋನಿಗೆ ಕಾಗದದ ಚಿತ್ರ ಬಂತು. ತನ್ನ ಗಾಡಿಯನ್ನು ತನ್ನ ಗಂಡ ಕೇಪ್‌ಟೌನಿನವರೆಗೆ ಓಡಿಸಲು ತನ್ನ ಒಪ್ಪಿಗೆಯಿದೆ ಎಂದು ಸುಬಿಲಾಗ ಬರೆದು ಸಹಿ ಹಾಕಿದ್ದಳು. "ಒಬ್ಬರೇ ಹೋಗೋದು ಎಷ್ಟು ಚೆನ್ನಾಗಿರತ್ತೆ ಅಂತ ನನಗೆ ಗೊತ್ತು ರೀ. ಹೋಗ್ಬನ್ನಿ," ಎಂದಳು. ಸೆಕೆಲಾ ಠಸ್ಸೆ ಒತ್ತಿದಳು. ಅತ್ತೆ ಮೇಷ್ಟ್ರ ಹಣೆ ಮುಟ್ಟಿ ಹರಸಿದಳು. ಗೇಟು ಎದ್ದಿತು.

ಸೋಂಗ್ವೆ ನದಿಯ ಸೇತುವೆಯ ಮೇಲೆ ಹಿಂದಿನ ಸೀಟು ಖಾಲಿ, ಕನ್ನಡಿಯಲ್ಲಿ ಯಾವ ಮುಖವೂ ಇಲ್ಲ. ಬೈಕು ಹಕ್ಕಿಯಂತೆ ಹಗುರಾಗಿತ್ತು. ನದಿ ದಾಟಿದರೆ ಮಲಾವಿಯಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಎಂಬುದು ಭೂಗೋಳದ ಮೇಷ್ಟ್ರಿಗೆ ಯಾರೂ ಹೇಳಬೇಕಿರಲಿಲ್ಲ. ದಿನವೆಲ್ಲ ಊರವರು ಕಿತ್ತುಕೊಂಡದ್ದರಲ್ಲಿ ಒಂದು ಗಂಟೆಯನ್ನು ಸೂರ್ಯನೇ ಅವರ ಕೈಗೆ ವಾಪಸ್ ಕೊಟ್ಟಿದ್ದ. ಆ ಕಡೆಯ ಠಸ್ಸೆಯೂ ಸಲೀಸಾಗಿ ಬಿತ್ತು. ಮೇಷ್ಟ್ರು ಗಟ್ಟಿಯಾಗಿ ಹಾಡಲು ಬಾಯಿ ತೆರೆದರು.

ಎದುರಿನ ಮಾವಿನ ಮರದ ಕೆಳಗಿಂದ ಏಳೆಂಟು ಹೆಂಗಸರು ಎದ್ದು ರಸ್ತೆಗೆ ಅಡ್ಡ ಬಂದರು.

"ಸುಬಿಲಾಗನ ಗಂಡ ತಾನೇ? ಬೆಳಿಗ್ಗೆಯಿಂದ ಕಾದೂ ಕಾದೂ ಕಣ್ಣು ಬಿದ್ದುಹೋಯ್ತು!" ಎಂದಳು ಒಬ್ಬ ದಪ್ಪನೆಯ ಹೆಂಗಸು. ಒಣಮೀನಿನ ಬುಟ್ಟಿಯ ಸಮೇತ ಅವಳು ಹಿಂದಿನ ಸೀಟಿಗೆ ಹತ್ತಿಯೇಬಿಟ್ಟಳು. "ನಾನು ನ್ಯಾಮುಂತಾಲಿ. ಚಿಟಿಂಬಾ ತನಕ ಬರ್ತೀನಿ. ಅಲ್ಲಿ ನಾನಿಳಿದ ಕೂಡ್ಲೇ ನಮ್ಮಕ್ಕ ಹತ್ತುತಾಳೆ. ಎಲ್ಲಿಂದ ಎಲ್ಲಿಗೆ ಯಾರು ಹತ್ಬೇಕು, ಯಾರ ಮನೇಲಿ ಊಟ ಅಂತ ಸುಬಿ ಎಲ್ಲರಿಗೂ ಫೋನ್ ಮಾಡಿ ಹೇಳಿದಾಳೆ."

"ಆದ್ರೆ ಅವಳು... ಅವಳು ಒಬ್ಬಳೇ ಹೋಗಿದ್ದು ಅಂತ ಹೇಳಿದ್ರಲ್ಲ," ಎಂದರು ಮೇಷ್ಟ್ರು.

"ಹೌದು ಮತ್ತೆ! ಅವಳೂ ಹೀಗೇ ಒಬ್ಬಳೇ ಹೋಗಿದ್ದು."

"ಲಿವಿಂಗ್‌ಸ್ಟನ್ ದಾಟಿದ ಮೇಲೆ?" ಎಂದು ಮೇಷ್ಟ್ರು ಆಸೆಯಿಂದ ಕೇಳಿದರು. "ಅದರಾಚೆ ಅವಳು ಹೋಗೇ ಇಲ್ವಲ್ಲ. ಅಲ್ಲಿ ಅವಳಿಗೆ ಯಾರೂ ಗೊತ್ತಿರಲ್ಲ, ಅಲ್ವಾ?"

"ಒಂದು ನರಪಿಳ್ಳೆಯೂ ಗೊತ್ತಿಲ್ವಂತೆ. ಅದಕ್ಕೇ ಬಸ್ಸು ಹಿಡಿದು ಅವಳೇ ಅಲ್ಲಿಗೆ ಬಂದು ನಿಂತಿರ್ತಾಳಂತೆ. ಮುಂದಿನ ದಾರಿ ಅವಳಿಗೂ ನೋಡ್ಬೇಕಂತೆ."

ಮೇಷ್ಟ್ರು ಗಾಡಿ ಸ್ಟಾರ್ಟ್ ಮಾಡಿದರು. ಕಾಲು ಮೈಲಿ ಹೋದ ಮೇಲೆ ಹಿಂದಕ್ಕೆ ತಿರುಗಿ, "ಲಿವಿಂಗ್‌ಸ್ಟನ್‌ಗೆ ಎಷ್ಟು ದಿನದ ದಾರಿ?" ಎಂದು ಕೇಳಿದರು.

"ಮುಂದೆ ನೋಡ್ಕೊಂಡು ಓಡ್ಸಿ ಭಾವ," ಎಂದಳು ನ್ಯಾಮುಂತಾಲಿ. "ಮೀನು ಬಿದ್ದೀತು."